ಕ್ಯಾಮೆರಾ ತಪ್ಪೆಂದ ಬೋರ್ಡು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಡಿಗ್ರಿ ಅಕ್ಕ ಎನ್ನುತ್ತಿದ್ದರು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಪುಟ್ಟ ಬಿಡಿಭಾಗಗಳನ್ನು ಕೂರಿಸುವ ಯಂತ್ರಕ್ಕೆ ಪಾಠ ಹೇಳಿಕೊಡುವುದು ಅವಳ ಕೆಲಸ. ಈ ಭಾಗ ಇಷ್ಟು ಉದ್ದ, ಇಷ್ಟು ದಪ್ಪ, ಎತ್ತಿಕೊಂಡ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಇಡು ಎಂದು ಒಂದೊಂದನ್ನೂ ಕಂಪ್ಯೂಟರಿಗೆ ತುಂಬಬೇಕು. ಯಂತ್ರಕ್ಕೇನು, ಹೇಳಿದಷ್ಟು ಮಾಡುತ್ತದೆ, ಗಂಟೆಗೆ ಸಾವಿರಾರು ಸಲ.

ಹದಿನಾರು ವರ್ಷದಲ್ಲಿ ಒಂದೇ ಒಂದು ಭಾಗ ತಿರುಗುಮುರುಗಾಗಿ ಕೂತದ್ದಿಲ್ಲ. ಆ ಹೆಮ್ಮೆಯನ್ನು ಅವಳು ಬಚ್ಚಿಟ್ಟವಳೂ ಅಲ್ಲ. ಮನೆಯಲ್ಲೂ ಅದೇ ಹುಚ್ಚು: ಲೋಟಗಳ ಹಿಡಿಯೆಲ್ಲ ಬಲಕ್ಕೆ, ಚಪ್ಪಲಿಗಳ ಮೂತಿಯೆಲ್ಲ ಬಾಗಿಲಿಗೆ. ಬಸ್ ಡಿಪೋದಲ್ಲಿ ಟಯರ್ ಬದಲಿಸುವ ಗಂಡ ಬಾಯಿ ಬಿಡುತ್ತಿರಲಿಲ್ಲ. ಅವನ ತಂಗಿ ಮಾತ್ರ ಬಂದಾಗಲೆಲ್ಲ ಕಾಲೆಳೆಯುತ್ತಿದ್ದಳು: "ಅತ್ತಿಗೆ, ನಮ್ಮಣ್ಣನ್ನ ಎಷ್ಟು ಡಿಗ್ರಿ ತಿರುಗಿಸಿ ಇಟ್ಟಿದೀರಿ?"

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅದೇ ಧಣಿಯ ಇನ್ನೊಂದು ಘಟಕವಿತ್ತು. ತಾವಾಗಿ ಸಾಕಷ್ಟು ಉಸಿರಾಡಲಾಗದವರ ಮನೆಗಳಿಗೆ ಆಮ್ಲಜನಕದ ಯಂತ್ರ ಮಾಡಿ ಕಳಿಸುತ್ತಿದ್ದರು. ಅವಕ್ಕೆ ಬೋರ್ಡು ಕೆಳಗಿನಿಂದಲೇ ಹೋಗಬೇಕು.

ಮೂರು ವಾರದ ಹಿಂದೆ ಆ ಬೋರ್ಡಿನಲ್ಲಿ ಪ್ಲಸ್ಸು ಮೈನಸ್ಸು ನೋಡಿ ಕೂರಿಸಬೇಕಾದ ಒಂದು ಕೆಪಾಸಿಟರ್ ಬದಲಾಯಿತು. ಮೊದಲಿನದು ಅಲ್ಯೂಮಿನಿಯಂ ಡಬ್ಬಿ, ಹೊಸದು ಹಳದಿಯ ಪುಟ್ಟ ಚೌಕ. ಅಕ್ಕ ಹಳೆಯ ದಾಖಲೆಯನ್ನೇ ಕಾಪಿ ಮಾಡಿ, ಹೆಸರು ಬದಲಿಸಿ, ಅಳತೆ ತಿದ್ದಿದಳು. ಎಲ್ಲರೂ ಮಾಡುವುದೇ ಹಾಗೆ. ಮೊದಲ ಬೋರ್ಡು ಹೊರಬಂದಾಗ ಮಸೂರದಡಿ ನೋಡಿದಳು. ಚೌಕದ ಮೇಲಿನ ಗೆರೆ ಎಂದಿನ ಕಡೆಗೇ ಇತ್ತು. ಅವಳು ನೋಡಿದ ಮೇಲೆ ಇನ್ನೊಬ್ಬರೂ ನೋಡಿ ಸಹಿ ಹಾಕಬೇಕೆಂಬ ನಿಯಮವಿದೆ. ಆ ಇನ್ನೊಬ್ಬ, "ಅಕ್ಕ ನೋಡಿದ್ಮೇಲೆ ನಾನೇನು ನೋಡೋದು?" ಎಂದು ಸಹಿ ಗೀಚಿದ. ಆಮೇಲೆ ಅಕ್ಕ ಆ ಬೋರ್ಡನ್ನು ತಪಾಸಣೆಯ ಕ್ಯಾಮೆರಾದ ಮುಂದಿಟ್ಟು, ಇದು ಸರಿ, ಹೀಗಿಲ್ಲದ್ದೆಲ್ಲ ತಪ್ಪು ಎಂದು ಅದಕ್ಕೂ ಕಲಿಸಿದಳು.

ಅಂದಿನಿಂದ ಕ್ಯಾಮೆರಾ ತುಟಿಪಿಟಕ್ಕೆನ್ನದೆ ಎಲ್ಲವನ್ನೂ ಪಾಸು ಮಾಡುತ್ತ ಬಂತು.

ಇವತ್ತು ಬೆಳಗ್ಗೆ ಸೋಲ್ಡರ್ ಮಾವ ಧುಮುಗುಡುತ್ತ ಬಂದ. ಯಂತ್ರ ಕೈಬಿಟ್ಟದ್ದನ್ನು ಕೈಯಾರೆ ಬೆಸೆಯುವ ಮುದುಕ. ಮೂಗಿನ ತುದಿಯಲ್ಲೇ ಕೋಪ.

"ನೋಡಮ್ಮ ನಿನ್ನ ಕ್ಯಾಮೆರಾನ! ಒಂದು ಬೋರ್ಡಲ್ಲಿ ಈ ಹಳದಿದು ಬಿದ್ದೋಗಿತ್ತು, ನಾನು ಕೂರಿಸ್ದೆ. ಉಲ್ಟಾ ಅಂತ ಕೆಂಪು ತೋರಿಸುತ್ತೆ. ನಲವತ್ತು ವರ್ಷದಿಂದ ಬೆಸೀತಿದೀನಿ, ನಂಗೆ ಪ್ಲಸ್ಸು ಮೈನಸ್ಸು ಗೊತ್ತಿಲ್ವಾ?"

ಅಕ್ಕ ನಗುನಗುತ್ತಲೇ ಬೋರ್ಡು ಇಸಿದುಕೊಂಡಳು. ವಯಸ್ಸಾಯ್ತು ಮಾವ, ಕನ್ನಡಕ ಬದಲಿಸಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಸೂರದಡಿ ಇಟ್ಟಳು. ಬೋರ್ಡಿನ ಮೇಲೆ ಅಚ್ಚಾಗಿದ್ದ ಪ್ಲಸ್ ಗುರುತು, ಅದರ ಪಕ್ಕದಲ್ಲೇ ಹಳದಿಯ ಗೆರೆ.

ಹಳೆಯ ಡಬ್ಬಿಯೊಂದನ್ನು ತಂದು ಪಕ್ಕಕ್ಕಿಟ್ಟು ನೋಡಿದಳು. ಡಬ್ಬಿಯ ಮೇಲೆ ಗೆರೆ ಇದ್ದರೆ ಅದು ಮೈನಸ್. ಈ ಹಳದಿಯ ಮೇಲೆ ಗೆರೆ ಇದ್ದರೆ ಅದು ಪ್ಲಸ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದಳು. ಅಳತೆ ತಿದ್ದಿದವಳು ಕೋನ ತಿದ್ದಿರಲಿಲ್ಲ. ಮೂರು ವಾರ ಹೋದ ಬೋರ್ಡುಗಳೆಲ್ಲ ಉಲ್ಟಾ, ಕ್ಯಾಮೆರಾ ತಪ್ಪೆಂದ ಇದೊಂದೇ ಸರಿ.

ಅಕ್ಕ ಓಡಿ ಹೋಗಿ ಹೇಳಿದರೂ ಮ್ಯಾನೇಜರ್ ಕುರ್ಚಿಯಿಂದ ಏಳಲಿಲ್ಲ. "ಟೆಸ್ಟಲ್ಲಿ ಎಲ್ಲಾ ಪಾಸಾಗಿವೆಯಲ್ಲ?"

"ಹತ್ತು ನಿಮಿಷದ ಟೆಸ್ಟು ಸರ್. ಉಲ್ಟಾ ಹಾಕಿದ್ರೂ ಕೆಲವು ದಿನ ಓಡುತ್ತೆ. ಆಮೇಲೆ ಒಳಗೊಳಗೇ ಕಾದು ಸುಟ್ಟೋಗುತ್ತೆ."

"ಬಾಯಿ ಬಿಟ್ರೆ ಮೊದಲು ಹೋಗೋದು ನಿಮ್ಮ ಕೆಲಸಾನೇ, ಗೊತ್ತಾ?"

ಗೊತ್ತಿತ್ತು. ಭಯವೂ ಆಯಿತು. ಮಗಳ ಫೀಸು, ಗಂಡನ ಬೆನ್ನುನೋವು, ಎಲ್ಲ ಕಣ್ಮುಂದೆ ಬಂತು. ಬಾಗಿಲ ಬಳಿ ಒಂದು ಗಳಿಗೆ ನಿಂತೂ ನಿಂತಳು. ಆ ಒಂದು ಗಳಿಗೆಗಾಗಿ ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೊನೆಗೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋದಳು.

ಮೇಲೆ ರವಾನೆಯ ಪುಸ್ತಕ ನೋಡಿಕೊಳ್ಳುವ ಹೆಂಗಸು ವಿಷಯ ಕೇಳಿದವಳೇ ಪುಸ್ತಕ ಬಿಚ್ಚಿದಳು. ಹೊಸ ಬೋರ್ಡಿನ ಯಂತ್ರಗಳಲ್ಲಿ ಹೆಚ್ಚಿನವು ಇನ್ನೂ ಗೋದಾಮಿನಲ್ಲಿದ್ದವು. ಹನ್ನೊಂದು ಮಾತ್ರ ಮನೆಗಳನ್ನು ಸೇರಿದ್ದವು. ಇಬ್ಬರೂ ನಂಬರುಗಳನ್ನು ಹಂಚಿಕೊಂಡು ಕೂತರು.

ಅಕ್ಕನ ಮೊದಲ ಫೋನು ಎರಡನೇ ರಿಂಗಿಗೇ ಎತ್ತಿದರು. ವಯಸ್ಸಾದ ಹೆಂಗಸಿನ ದನಿ, ತುಂಬ ವಿಶ್ವಾಸದ್ದು.

"ಅಮ್ಮಾ, ಆಮ್ಲಜನಕದ ಮಿಷನ್ ಕಂಪನಿಯಿಂದ. ಮಿಷನ್ ಹೇಗಿದೆ?"

"ಚೆನ್ನಾಗಿದೆಯಮ್ಮ, ನಿಮ್ಮ ಹೊಟ್ಟೆ ತಣ್ಣಗಿರಲಿ. ಬೆಳಗ್ಗೆ ಏನೋ ಸುಟ್ಟ ವಾಸನೆ ಬರ್ತಿತ್ತು, ಈಗ ಅದೂ ಇಲ್ಲ. ನಿನ್ನೆವರೆಗೂ ಗೊರ್ ಅಂತ ಒಂದೇ ಸದ್ದು, ನಮ್ಮೆಜಮಾನ್ರಿಗೆ ಕಣ್ಣು ಹತ್ತುತ್ತಿರಲಿಲ್ಲ. ಈಗ ಸದ್ದೇ ಇಲ್ಲ ನೋಡಿ. ಅವ್ರೂ ನೆಮ್ಮದಿಯಾಗಿ ಮಲಗಿದಾರೆ."

ಅಕ್ಕ ಕುರ್ಚಿಯಿಂದ ಎದ್ದು ನಿಂತಳು.

"ಎಬ್ಬಿಸಿ ಅಮ್ಮ," ಎಂದಳು. "ಈಗಲೇ ಎಬ್ಬಿಸಿ."

ಫೋನು ಮೇಜಿನ ಮೇಲಿಟ್ಟ ಸದ್ದಾಯಿತು. ಚಪ್ಪಲಿ ಎಳೆದುಕೊಂಡು ಹೋದ ಸದ್ದಾಯಿತು. ದೂರದಲ್ಲಿ ಆ ಹೆಂಗಸು "ರೀ" ಎಂದು ಕರೆದದ್ದು ಕೇಳಿಸಿತು. ಮತ್ತೊಮ್ಮೆ ಕರೆದಳು, ಈ ಸಲ ಜೋರಾಗಿ.