ಗುಡ್ಡದ ದಾರಿಯಲ್ಲಿ ಬಿಟ್ಟ ಜಾಗ

ನಮ್ಮ ಚಿತ್ರಕಲೆ ಮಾಸ್ತರರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಧಾರವಾಡದವರು. ತೊಂಬತ್ತರ ದಶಕದ ಕೊನೆಯಲ್ಲಿ, ಲಂಡನ್ನಿನ ಕ್ರೋಯ್ಡನ್ನಿನಲ್ಲಿದ್ದ ಮಗನ ಫ್ಲ್ಯಾಟಿನಲ್ಲಿ, ಶನಿವಾರ ಮಧ್ಯಾಹ್ನ ನನಗೆ ಜಲವರ್ಣ ಕಲಿಸುತ್ತಿದ್ದರು.

ಗಿಡ, ಆಕಾಶ ನನಗೆ ಬೇಗ ಒಲಿದವು. ಮನುಷ್ಯರು ಮಾತ್ರ ಜಪ್ಪಯ್ಯ ಎಂದರೂ ಬರಲೊಲ್ಲರು. ಪಾರ್ಕಿನ ಚಿತ್ರದಲ್ಲಿ ಮರಗಳೆಲ್ಲ ಗಾಳಿಗೆ ಬಾಗಿದ್ದರೂ ನನ್ನ ಜನ ಕೈ ಇಳಿಬಿಟ್ಟು ನೆಟ್ಟಗೆ ನಿಂತಿರುತ್ತಿದ್ದರು.

"ಇವ್ರೆಲ್ಲಾ ಸ್ಟುಡಿಯೋದಾಗ ಫೋಟೋಕ್ಕ ನಿಂತಾರೇನು, ತಂಗಿ?" ಎನ್ನುತ್ತಿದ್ದರು. "ಮಾರಿ, ಕಣ್ಣು, ಮೂಗು ಬಿಡು. ಭಾರ ಎಲ್ಲಿ ಬಿದ್ದದ ನೋಡು. ಮೊದ್ಲ ನೀ ಹಂಗ ನಿಲ್ಲು, ಆಮ್ಯಾಲೆ ಕುಂಚ ಹಿಡಿ." ಅವರ ಸೊಸೆ ಮುಸಿಮುಸಿ ನಗುತ್ತಿದ್ದರೂ ನಾನು ಹಾಲ್‌ ನಡುವೆ ಮುದುಕಿಯಂತೆ, ಕೂಸು ಎತ್ತಿಕೊಂಡವಳಂತೆ ನಿಲ್ಲುತ್ತಿದ್ದೆ.

ಕೆಲವು ವರ್ಷಗಳಲ್ಲಿ ಅವರ ಕೈ ನಡುಗತೊಡಗಿತು. ಒಂದು ಶನಿವಾರ ಮಂಚದ ಕೆಳಗಿನಿಂದ ಹಳೆಯ ಚಿತ್ರವೊಂದನ್ನು ತೆಗೆದರು. ಗುಡ್ಡ, ಮೇಲೇರುವ ದಾರಿ, ಜನರಿಲ್ಲ. ತೀರಿಹೋದ ಹೆಂಡತಿಯೊಂದಿಗೆ ಧಾರವಾಡದ ಮಾರ್ಕೆಟ್ಟಿನಿಂದ ಮನೆಗೆ ಹತ್ತುತ್ತಿದ್ದ ದಾರಿ ಅದು. ಆಕೆಗೆಂದು ಜಾಗ ಬಿಟ್ಟು, ಧೈರ್ಯ ಸಾಲದೆ ಮುಂದೂಡುತ್ತ ಬಂದಿದ್ದರು. ಈಗ ಕೈಯೇ ಮಾತು ಕೇಳುತ್ತಿರಲಿಲ್ಲ.

"ಆಕಿನ್ನ ನೀ ಬರಿ," ಎಂದರು.

"ಕೆಟ್ಟೋದ್ರೆ ಸರ್? ವಾಟರ್ ಕಲರ್, ಅಳಿಸೋಕಾಗಲ್ಲ."

"ಗೊತ್ತದ."

ಆಕೆಯನ್ನು ನಾನು ನೋಡಿದವಳೇ ಅಲ್ಲ. ಹೇಗೆ ನಡೀತಿದ್ರು ಎಂದು ಕೇಳಿದೆ. "ಒಂದ್ ಕೈಯಾಗ ಸೀರಿ ನಿರಿಗಿ, ಒಂದ್ ಕೈಯಾಗ ಕಾಯಿಪಲ್ಲೆ ಚೀಲ. ಇನ್ನೊಂದ್ ಚೀಲ ನನ್ನ ಎಡಗೈಯಾಗ, ಆಕಿ ಹಿಂದ ನಾ. ಹಿಂದ ತಿರುಗಿ ನೋಡಾಕಿ ಅಲ್ಲ."

ಅಡುಗೆಮನೆಯಿಂದ ಆಲೂಗಡ್ಡೆ ತುಂಬಿದ ಚೀಲ ತಂದು ಅವರ ಮುಂದೆ ಹಾಲ್‌ನ ಉದ್ದಕ್ಕೂ ನಡೆದೆ. "ಇನ್ನಾ ಬಾಗು, ಗಾಳಿ ಇತ್ತು," ಎಂದರು. ಬಾಗಿದೆ. ಆಮೇಲೆ ಕುಂಚ ಅದ್ದಿದೆ. ಬಾಗಿದ ಬೆನ್ನು, ಚೀಲದ ಕಡೆ ವಾಲಿದ ಸೊಂಟ, ಹಾರುವ ಸೆರಗು.

ಮಾಸ್ತರರು ಬಹಳ ಹೊತ್ತು ನೋಡಿದರು. "ನಿಲ್ಲು ಅಂದ್ರೂ ಆಕಿ ನಿಲ್ಲತಿದ್ದಿಲ್ಲ," ಎಂದು ಕಣ್ಣೊರೆಸಿಕೊಂಡರು. ಆಕೆಯ ಹಿಂದೆ ದಾರಿಯಲ್ಲಿ ಇನ್ನೊಬ್ಬರಿಗಾಗುವಷ್ಟು ಜಾಗ ಖಾಲಿಯಿತ್ತು. "ಅದು ಇರ್ಲಿ. ಈಗ ಮುಟ್ಟಬ್ಯಾಡ," ಎಂದರು.

ಅವರು ತೀರಿಕೊಂಡ ಮೇಲೆ ಮಗ ಆ ಚಿತ್ರವನ್ನು ನಮ್ಮ ಮನೆಗೆ ತಂದ. "ಏನ್ ಮಾಡ್ಬೇಕು ನಿಮ್ಗ ಗೊತ್ತಾಗ್ತದ ಅಂತ ಅಪ್ಪಾ ಹೇಳಿದ್ರು," ಎಂದ.

ಬಣ್ಣ ಕಲಸಿಟ್ಟು, ಎಡಗೈಯಲ್ಲಿ ಆಲೂಗಡ್ಡೆ ಚೀಲ ಹಿಡಿದು ನಿಂತೆ. ಎಡಭುಜ ತಾನಾಗಿ ಇಳಿಯಿತು. ಅಳು ತಡೆಯಲಾಗಲಿಲ್ಲ. ಅತ್ತು ಮುಗಿಸಿ, ಕುಂಚ ಅದ್ದಿ, ಆ ಖಾಲಿ ಜಾಗದಲ್ಲಿ ಅವರನ್ನು ಆಕೆಯ ಹಿಂದೆ ನಡೆಸಿದೆ.