ಎಸರು ಹಾಕಿದ ಬ್ರೆಡ್ಡು

ನಿನ್ನೆ ಲಿಂಗಸುಗೂರಿನಲ್ಲಿ ಒಂದು ಮನೆಯ ಪ್ಲಾಸ್ಟರ್ ಮುಗಿಸಿ ಬಸ್ಸಿಗೆಂದು ನಡೆದು ಬರುತ್ತಿದ್ದೆ. ಬೇಕರಿಯೊಂದರ ಹಿಂಬಾಗಿಲು ತೆರೆದಿತ್ತು. ಒಳಗಿನಿಂದ ಹುಳಿ ಬಂದ ಮೈದಾಹಿಟ್ಟಿನ ವಾಸನೆ ಬಂತು. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಎದೆಯ ಮೇಲೆ ಯಾರೋ ಸಿಮೆಂಟಿನ ಚೀಲ ಇಳಿಸಿದಂತಾಯಿತು. ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು, ಮಸ್ಕಿ ಬಂದು ಹೋಯಿತು. ಸಿಂಧನೂರು ಮುಟ್ಟುವವರೆಗೂ ಆ ವಾಸನೆ ಮಾತ್ರ ಮೂಗು ಬಿಟ್ಟು ಇಳಿಯಲಿಲ್ಲ.

ನಾನು ಗೌಂಡಿ, ಗೋಡೆ ಕಟ್ಟುವವನು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ನಾನು ಕಟ್ಟಿದ ಶಾಲೆಯಲ್ಲಿ ಇವತ್ತು ಮಕ್ಕಳು ಓದುತ್ತಿದ್ದಾರೆ, ಎಂಥ ಮಳೆಗೂ ಅದು ಸೋರಿಲ್ಲ. ಇಂಥವನು ಒಂದು ಬೇಸಿಗೆ ಪೂರ್ತಿ ಕೆಲಸದ ಮುಂಚೆ, ಕೆಲಸದ ಆಮೇಲೆ ಮನೆಯಲ್ಲಿ ಜ್ಯೂಸು ಹಿಂಡುತ್ತ, ಬ್ರೆಡ್ಡು ಸುಡುತ್ತ ಕೂತಿದ್ದ ಎಂದರೆ ನಿಮಗೆ ನಗು ಬರಬಹುದು. ನಗಿರಿ. ನಮ್ಮ ಓಣಿಯೂ ನಕ್ಕಿತ್ತು.

ಅದೆಲ್ಲ ನನ್ನ ಅಣ್ಣನಿಗಾಗಿ. ಅಣ್ಣ ಮಸ್ಕಿಯಲ್ಲಿದ್ದ, ಸಿಂಧನೂರಿನ ಮಿಲ್ಲುಗಳ ಅಕ್ಕಿ ಹೇರಿಕೊಂಡು ಊರೂರು ತಿರುಗುವ ಲಾರಿ ಡ್ರೈವರ್. ಅತ್ತಿಗೆ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸ್ಟೇರಿಂಗ್ ಮುಂದೆ ನಿದ್ದೆ ಹತ್ತದಿರಲಿ ಎಂದು ಬಾಯಿಗೆ ಹಾಕಿದ ಗುಟ್ಕಾ ಆಮೇಲೆ ಬಾಯಿ ಬಿಟ್ಟು ಇಳಿಯಲೇ ಇಲ್ಲ. ಕೆನ್ನೆಯೊಳಗೆ ಹುಣ್ಣಾಯಿತು, ಹುಣ್ಣು ಗಂಟಾಯಿತು. ಕೊಯ್ದರು, ಕ್ಯಾನ್ಸರಿಗೆ ಕೊಡುವ ಕರೆಂಟು ಕೊಟ್ಟರು. ನಮ್ಮ ಮನೆಗೆ ಕರೆದುಕೊಂಡು ಬಂದಾಗ ಅವನ ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಬರಬರುತ್ತ ಅದೂ ಬಿಗಿಯುತ್ತದೆ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅಣ್ಣನದು ಒಂದೇ ಹಟ. ಬೆಳಿಗ್ಗೆ ನಮ್ಮ ಜೊತೆ ತಾಟಿನ ಮುಂದೆ ಕೂರಬೇಕು, ತನ್ನ ಕೈಯಿಂದ ಮುರಿದು, ಅಗಿದು ತಿನ್ನಬೇಕು. ನನ್ನ ಹೆಂಡತಿ ದೇವಮ್ಮ ಮೊದಲ ದಿನ ಗಂಜಿ ಮಾಡಿ ಇಟ್ಟಳು. ಅವನು ಬಟ್ಟಲನ್ನು ಅವಳ ಕಡೆಗೇ ಸರಿಸಿದ.

"ಯವ್ವಾ, ಇದನ್ನ ತೊಟ್ಟಲಾಗಿನ ಕೂಸಿಗೆ ಕುಡಸು. ನನಗ ಮೀಸಿ ಬಂದಾವ."

"ಮೀಸಿಗೆ ಹಲ್ಲು ಬಂದಾವೇನ್ರಿ ಭಾವಾ, ರೊಟ್ಟಿ ಕಡಿಯಾಕ?" ಎಂದಳು ಅವಳು.

ಅಣ್ಣ ನಕ್ಕ. ನಕ್ಕರೆ ನೋಯುತ್ತಿತ್ತು, ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ನಕ್ಕ.

ಗಂಜಿ ಬೇಡವೆಂದ ಮೇಲೆ ನಾನು ಜ್ಯೂಸಿಗೆ ಇಳಿದೆ. ಮಿಕ್ಸರ್ ಮುಟ್ಟಿದ್ದು ಅದೇ ಮೊದಲು. ಮುಚ್ಚಳ ಒತ್ತಿ ಹಿಡಿಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಸುಣ್ಣ ಬಳಿದ ಗೋಡೆಗೆ ಕಲ್ಲಂಗಡಿ ಹಾರಿತು. ಮೋಸಂಬಿ ಅವನ ಹುಣ್ಣಿಗೆ ಬೆಂಕಿಯಾಯಿತು, ಒಂದು ಗುಟುಕಿಗೇ ಕಣ್ಣಲ್ಲಿ ನೀರು ಬಂತು. ಬೀಟ್‌ರೂಟಿಗೆ ಗಜ್ಜರಿ ಸೇರಿಸಿ ರುಬ್ಬಿದೆ. ಪ್ಲಾಸ್ಟರಿಗೆ ಉಸುಕು ಜರಡಿ ಹಿಡಿದಷ್ಟೇ ನಿಗಾದಿಂದ ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಅಣ್ಣ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ.

"ಇದೇನಲೇ ತಮ್ಮ, ನಂದs ರಕ್ತ ಹಿಂಡಿ ನನಗs ಕುಡಸಾಕತ್ತಿ?"

ಆದರೂ ಕುಡಿದ. ಕುಡಿಯುವುದೇನೋ ಕುಡಿದ. ಆಮೇಲೆ ನಮ್ಮ ತಾಟಿನ ಕಡೆಗೇ ನೋಡುತ್ತ ಕೂರುತ್ತಿದ್ದ. ನಾವು ರೊಟ್ಟಿ ಮುರಿದರೆ ಆ ಸಪ್ಪಳಕ್ಕೆ ಅವನ ದವಡೆ ತಾನಾಗಿ ಅಲ್ಲಾಡುತ್ತಿತ್ತು. ಆ ವಾರದಿಂದ ದೇವಮ್ಮ ಕಡಕ್ ರೊಟ್ಟಿ ಮಾಡುವುದನ್ನು ನಿಲ್ಲಿಸಿದಳು.

ಅಂಗಡಿಯ ಬ್ರೆಡ್ಡು ತರಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಕಡೆ ಬ್ರೆಡ್ಡೆಂದರೆ ದವಾಖಾನೆಯ ತಿಂಡಿ. ಮಂಚ ಹಿಡಿದವರನ್ನು ನೋಡಲು ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವ ವಸ್ತು. ಬೀಗರೊಬ್ಬರು ಒಂದು ಪಾಕೀಟು ತಂದಾಗ ಅಣ್ಣ ಕೈಚಾಚಿ ತೆಗೆದುಕೊಂಡ, ಅವರು ಹೋದ ಮೇಲೆ ಅದನ್ನು ಓಣಿಯ ನಾಯಿಗೆ ಹಾಕಿದ. "ಅದನ್ನ ತಿಂದ್ರ ನಾ ಹೊಂಟೀನಿ ಅಂತ ಒಪ್ಪಿಕೊಂಡಂಗ" ಎಂದ. ಆದರೆ ಮನೆಯಲ್ಲೇ ಸುಟ್ಟದ್ದಾದರೆ ಅದು ಬ್ರೆಡ್ಡಲ್ಲ, ನಮ್ಮ ಮನೆಯ ರೊಟ್ಟಿ. ಹಾಗೆಂದು ಅವನೇ ಇತ್ಯರ್ಥ ಮಾಡಿದ.

ಕಟ್ಟುವ ಕೆಲಸವೆಂದರೆ ನನಗೇನು ಹೊಸದೇ? ಹಿತ್ತಲಲ್ಲಿ ಉಳಿದಿದ್ದ ಇಟ್ಟಂಗಿಗೆ ಕೆಂಪು ಮಣ್ಣು, ಮಿಲ್ಲಿನ ಭತ್ತದ ಹೊಟ್ಟು ಕಲಸಿ ಮೊಣಕಾಲೆತ್ತರದ ಭಟ್ಟಿ ಕಟ್ಟಿದೆ. ಅಣ್ಣ ಬೇವಿನ ನೆರಳಲ್ಲಿ ಕೂತು ಅದು ಸೊಟ್ಟ, ಇದು ಸೊಟ್ಟ ಎಂದು ಹುಕುಂ ಮಾಡುತ್ತಿದ್ದ. ಭಟ್ಟಿ ಚೆನ್ನಾಗಿಯೇ ಬಂತು, ಸೋತದ್ದು ಹಿಟ್ಟಿನಲ್ಲಿ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದರೇ ರೊಟ್ಟಿ ಬಿರಿಯದೆ ಮೆತ್ತಗೆ ಬರುತ್ತದೆ. ಅದನ್ನು ಕಂಡೇ ನಾವು ಬೆಳೆದವರು. ಅಣ್ಣನಿಗೆ ಬೇಕಾದದ್ದು ಮೆತ್ತಗಿನ ತಿಂಡಿ. ಹಾಗಾಗಿ ಮೈದಾ, ಈಸ್ಟ್ ಸೇರಿಸಿ, ಮೇಲೆ ಕುದಿಯುವ ಎಸರು ಹೊಯ್ದೆ. ಹಿಟ್ಟು ಉಬ್ಬಲಿಲ್ಲ. ಎಸರು ಕಡಿಮೆಯಾಯಿತೇನೋ ಎಂದು ಮರುದಿನ ಇನ್ನಷ್ಟು ಹೊಯ್ದೆ. ಭಟ್ಟಿಯಿಂದ ಹೊರಬಂದದ್ದನ್ನು ದೇವಮ್ಮ ಬೆರಳ ಗೆಣ್ಣಿನಿಂದ ಬಡಿದು ನೋಡಿದಳು.

"ಸೈಟಿಗೆ ಒಯ್ರಿ. ಇಟ್ಟಂಗಿ ಕಮ್ಮಿ ಬಿದ್ದಾವ ಅಂತಿದ್ರಲ್ಲ."

"ಮ್ಯಾಲ ನೀರು ಹೊಡಿಯಲೇ, ಇನ್ನೂ ಗಟ್ಟಿ ಆಗ್ತೈತಿ" ಎಂದ ಅಣ್ಣ.

ಹೀಗೆ ನಗುತ್ತ ನಗುತ್ತ ವಾರಗಳು ಹೋದವು. ಅವನ ಮಾತು ದಿನದಿನಕ್ಕೆ ತೊದಲಾಗುತ್ತಿತ್ತು, ಬಾಯಿ ಬಿಗಿಯುತ್ತಿತ್ತು. ನಾನು ಹಿಟ್ಟು ನೋಡುತ್ತಿದ್ದೆ.

ಕೊನೆಗೆ ಲಿಂಗಸುಗೂರಿಗೆ ಕೆಲಸಕ್ಕೆ ಹೋದಾಗ ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುವ ಮುದುಕರೊಬ್ಬರನ್ನು ಕೇಳಿದೆ. ಎಸರಿನ ಸಂಗತಿ ಹೇಳುತ್ತಲೇ ಅವರು ಹಣೆ ಬಡಿದುಕೊಂಡರು.

"ಯಾ ಅಲ್ಲಾ! ಈಸ್ಟಂದ್ರ ಜಾನ್ ಇರೋ ಮಾಲು. ಕುದಿಯೋ ನೀರು ಸುರುವಿ ಕೊಂದು, ಉಬ್ಬವಲ್ದು ಅಂತೀಯಲ್ಲೋ ಗೌಂಡಿ? ಕೂಸಿಗೆ ಎರಿಯೋ ನೀರಿನಷ್ಟು ಬೆಚ್ಚಗಿದ್ರ ಸಾಕು."

ಮರುದಿನ ಬೆಳಿಗ್ಗೆ ಅವರು ಹೇಳಿದಂತೆ ಮಾಡಿದೆ. ಒದ್ದೆ ಬಟ್ಟೆಯ ಕೆಳಗೆ ಹಿಟ್ಟು ಬಸುರಿಯ ಹೊಟ್ಟೆಯಂತೆ ಎದ್ದಿತು. ಬ್ರೆಡ್ಡು ಕೆಂಪಗೆ ಬಂತು, ಒತ್ತಿದರೆ ತಗ್ಗಿ ಮತ್ತೆ ಏಳುತ್ತಿತ್ತು. ತಾಟಿನಲ್ಲಿಟ್ಟು ಅಣ್ಣನ ಮುಂದೆ ತಂದೆ. ಅವನು ಕೈ ತೊಳೆದುಕೊಂಡು ಬಂದು ಚಕ್ಕಳಮಕ್ಕಳ ಕೂತ. ಮುರಿದ. ಹಬೆ ಎದ್ದಿತು. ಒಂದು ಚೂರನ್ನು ಹಲ್ಲಿನ ಸಂದಿಗೆ ಹಿಡಿದ, ಹೋಗಲಿಲ್ಲ. ಬೆರಳಲ್ಲಿ ಅಮುಕಿ ತೆಳ್ಳಗೆ ಮಾಡಿ ಹಿಡಿದ, ಹೋಗಲಿಲ್ಲ. ದೇವಮ್ಮ ಎದ್ದು ಒಳಗೆ ಹೋದಳು.

ಅಣ್ಣ ಆ ಚೂರನ್ನು ನನ್ನ ಬಾಯಿಯ ಹತ್ತಿರ ತಂದ.

"ನೀ ತಿನ್ನು. ನಾ ನೋಡ್ತೀನಿ."

ತಿಂದೆ. ಇನ್ನೊಂದು ಮುರಿದು ಕೊಟ್ಟ.

"ಹ್ಯಾಂಗೈತಿ?"

"ಉಪ್ಪು ಕಮ್ಮಿ ಆಗೈತಿ ಅಣ್ಣ. ಅಷ್ಟೇನು ಚೆಂದ ಆಗಿಲ್ಲ."

"ಸುಳ್ಳ ಬೊಗಳಬ್ಯಾಡ ಮಗನ. ವಾಸನೀನs ಹೇಳ್ತೈತಿ, ಬರೋಬರಿ ಬಂದೈತಿ."

ಪೂರ್ತಿ ತಿನ್ನಿಸಿದ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ತಿಂಡಿ ತಿಂದಿಲ್ಲ. ನಾನು ನುಂಗಿದಾಗಲೆಲ್ಲ ಅವನ ಗಂಟಲು ಏರಿ ಇಳಿಯುತ್ತಿತ್ತು. ಅದಾದ ಮೇಲೆ ಮೂಗಿಗೆ ನಳಿಗೆ ಬಂತು. ಶ್ರಾವಣ ಬರುವ ಮೊದಲೇ ಅಣ್ಣ ಹೋದ.

ದಾರದ ಗುಂಡು ಇಳಿಬಿಟ್ಟು, ನೆಟ್ಟಗಿದೆಯೋ ನೋಡಿ ಕಟ್ಟಿದ ಗೋಡೆ ನಿಲ್ಲುತ್ತದೆ. ಅದು ನನ್ನ ಕಸುಬು, ನನ್ನ ಧರ್ಮ. ತಪ್ಪಿದ್ದನ್ನು ಕೆಡವಿ ಮತ್ತೆ ಕಟ್ಟು, ಸರಿಯಾಗುವವರೆಗೂ ಕಟ್ಟು. ಬ್ರೆಡ್ಡೂ ಸರಿಯಾಯಿತು. ಸರಿಯಾದದ್ದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಮಾತ್ರ ನನಗೆ ಯಾವ ಮೇಸ್ತ್ರಿಯೂ ಕಲಿಸಿರಲಿಲ್ಲ. ಆ ಭಟ್ಟಿಗೆ ಮತ್ತೆ ಬೆಂಕಿ ಹಾಕಲಿಲ್ಲ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನ ಓಣಿಯ ಖಾಜಾಬೀ ಬಂದು ನಿಂತರು. ಸೆರಗಿನಡಿ ಮೈದಾಹಿಟ್ಟಿನ ಪಾಕೀಟು ಇತ್ತು. ಅವರ ಗಂಡನನ್ನು ಮೊನ್ನೆ ದವಾಖಾನೆಯಿಂದ ಕರೆತಂದಿದ್ದಾರೆಂದು ದೇವಮ್ಮ ಹೇಳಿದ್ದಳು.

"ಭಾಯಿ, ನೀವು ನಿಮ್ಮ ಅಣ್ಣಗ ಮನ್ಯಾಗ ಬ್ರೆಡ್ ಸುಟ್ಟು ಕೊಡ್ತಿದ್ರಂತಲ್ರೀ. ನಮ್ಮವರಿಗೂ ಬಾಯಿ ಬಿಗಿಯಾಕತ್ತೈತಿ. ಆಯಿತವಾರ ನಿಮಗ ಸೂಟಿ ಇದ್ರ ಒಂದೀಟು ಕಲಿಸಿ ಕೊಡ್ರಿ."

"ಆಯಿತವಾರ ಬ್ಯಾಡ್ರೀ, ಇವತ್ತs ಮಾಡೂಣು" ಎಂದೆ. ಮೆಟ್ಟಿದ ಚಪ್ಪಲಿ ಬಿಟ್ಟೆ. ಮೇಸ್ತ್ರಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿದೆ. ಮೈಯಲ್ಲಿ ಜ್ವರವಿದ್ದಾಗಲೂ ನಾನು ಹಾಗೆ ಹೇಳಿದವನಲ್ಲ.

"ಮೊದಲ ಸಲಕ್ಕ ಚೆಂದ ಬರೂದಿಲ್ಲ. ಸೊಟ್ಟ ಬರಲಿ, ಚಪ್ಪಟಿ ಬರಲಿ, ಇವತ್ತ ತಿನಿಸಿ ಬಿಡ್ರಿ" ಎಂದೆ.

ಖಾಜಾಬೀ ನನ್ನ ಮುಖವನ್ನೇ ನೋಡಿದರು.

"ಇದನ್ನ ತಿಂದ್ರ ಅವರ ಬಾಯಿ ತೆರೀತದೇನ್ರಿ ಭಾಯಿ?"

"ಇಲ್ರೀ" ಎಂದೆ. "ಹಿಟ್ಟು ಇಲ್ಲಿ ಕೊಡ್ರಿ."