ಗಾದಿ ಬಟ್ಟೆಯ ಕೆಳಗಿನ ಗೆಲಾಕ್ಸಿ

ಗಜೇಂದ್ರಗಡಕ್ಕೆ ಬಂದ ಮೊದಲ ಭಾನುವಾರವೇ, ನಾನು ಬದುಕಿದ್ದೇನೆಯೇ ಎಂದು ವಿಚಾರಿಸಲು ಓಣಿಯ ಜನ ಗುಂಪಾಗಿ ಬಂದರು. ಮುಂದೆ ಮನೆಯ ಮಾಲೀಕ ರಾಜೇಸಾಬರು, ಹಿಂದೆ ಅವರ ಹೆಂಡತಿ ಮಾಬೂಬಿ, ಅವರ ಬೆನ್ನಿಗೆ ದವಾಖಾನೆಯಿಂದ ಕರೆತಂದ ಒಬ್ಬ ಕಂಪೌಂಡರ್. ನನ್ನ ಅಪರಾಧ ಇಷ್ಟೇ: ಹಾಡಹಗಲಲ್ಲಿ ಬಾಗಿಲು, ಕಿಟಕಿ ಮುಚ್ಚಿಕೊಂಡು ಒಳಗೆ ಕುಳಿತಿದ್ದೆ.

“ಯಾಕ್ರಿ ಸರ, ಮೈಯಾಗ ಆರಾಮ ಇಲ್ಲೇನ್ರಿ?” ಎಂದರು ರಾಜೇಸಾಬರು.

ಚೆನ್ನಾಗಿದ್ದೇನೆ ಎಂದೆ. ಕಂಪೌಂಡರ್ ನಂಬಲಿಲ್ಲ. ನಾಡಿ ಹಿಡಿದು ನೋಡಿದ ಮೇಲೆಯೇ ಹೋದ.

ಮೈಸೂರಿನಲ್ಲಿ ನಮ್ಮ ಬೀದಿಯ ಬಾಗಿಲುಗಳು ಮುಚ್ಚಿರುವುದೇ ಸಭ್ಯತೆ. ಇಲ್ಲಿ ಹಗಲು ಹೊತ್ತು ಮುಚ್ಚಿದ ಬಾಗಿಲಿಗೆ ಎರಡೇ ಕಾರಣ: ಒಳಗೆ ಕಾಯಿಲೆ ಇರಬೇಕು, ಇಲ್ಲವೇ ಓಣಿಯ ಮೇಲೆ ಸಿಟ್ಟು ಇರಬೇಕು. ನನ್ನ ಮೂರನೆಯ ಕಾರಣವನ್ನು ವಿವರಿಸುವುದು ಸ್ವಲ್ಪ ತ್ರಾಸವಾಯಿತು. ತ್ರಾಸ ಎಂದರೆ ಇಲ್ಲಿ ತೊಂದರೆ. ಬಂದ ವಾರದಲ್ಲೇ ಕಲಿತ, ಬಹಳ ಉಪಯೋಗಕ್ಕೆ ಬಂದ ಪದ.

ನಾನು ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನಡುವಯಸ್ಸಿನಲ್ಲಿ, ಯಾರೂ ಒತ್ತಾಯಿಸದಿದ್ದರೂ, ಡಾಕ್ಟರೇಟಿಗೆ ಕೈಹಾಕಿದವನು. ಕೆಲವು ಗೆಲಾಕ್ಸಿಗಳ ನಡುಮಧ್ಯದಲ್ಲಿ ಒಂದು ಚುಕ್ಕೆಯಷ್ಟು ಜಾಗ ಉಳಿದೆಲ್ಲ ನಕ್ಷತ್ರಗಳನ್ನು ನಾಚಿಸುವಂತೆ ಉರಿಯುತ್ತದೆ. ಅಲ್ಲೊಂದು ಕಪ್ಪುಕುಳಿ ಕುಳಿತು ಸುತ್ತಲಿನ ಅನಿಲವನ್ನು ನುಂಗುತ್ತಿರುತ್ತದೆ. ಹಾಗೆ ನುಂಗುವಾಗ ಏಳುವ ಬೆಳಕು ಅದು. ಬಾಹ್ಯಾಕಾಶದ ದೂರದರ್ಶಕ ತೆಗೆದ ಅಂಥ ಚಿತ್ರಗಳನ್ನು ಬೆಂಗಳೂರಿನ ನನ್ನ ಗೈಡು ಸಿ.ಡಿ.ಯಲ್ಲಿ ತುಂಬಿ ಕೊರಿಯರ್ ಮಾಡುತ್ತಿದ್ದರು. ಇಲ್ಲಿನ ಸೈಬರ್ ಕೆಫೆಯಲ್ಲಿ ಒಂದು ಚಿತ್ರ ಇಳಿಯುವಷ್ಟರಲ್ಲಿ ಪಕ್ಕದ ಹಳ್ಳಿ ಮುಶಿಗೇರಿಗೆ ಹೋದ ಬಸ್ಸು ತಿರುಗಿ ಬರುತ್ತಿತ್ತು. ಚಿತ್ರದಿಂದ ಗೆಲಾಕ್ಸಿಯ ನುಣುಪಾದ ಬೆಳಕನ್ನೆಲ್ಲ ಲೆಕ್ಕ ಹಾಕಿ ಕಳೆದು, ಉಳಿದ ಮಸುಕು ಕಲೆಗಳನ್ನು ನೋಡುವುದು ನನ್ನ ಕೆಲಸ. ಅದಕ್ಕೆ ಕೋಣೆ ಕತ್ತಲಾಗಿರಬೇಕು. ಸಂಜೆಯಾದರೆ ಕರೆಂಟು ಇರುತ್ತಿರಲಿಲ್ಲ. ಹೀಗಾಗಿ ಹಗಲಲ್ಲೇ ಕತ್ತಲೆ ಮಾಡಿಕೊಳ್ಳಬೇಕಿತ್ತು.

ಒಂದು ಸ್ವಾರ್ಥವೂ ಇತ್ತು, ಮುಚ್ಚಿಡುವುದೇಕೆ? ಮೈಸೂರಿನಲ್ಲಿ ಒಂದು ಹುದ್ದೆ ಖಾಲಿಯಾಗಲಿತ್ತು, ಅದಕ್ಕೆ ಡಾಕ್ಟರೇಟ್ ಬೇಕಿತ್ತು. ನನ್ನ ನೋಂದಣಿಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಪ್ರಬಂಧ ಮುಗಿದರೆ ಊರು, ಇಲ್ಲದಿದ್ದರೆ ಇಲ್ಲ.

ನನ್ನ ವಿವರಣೆಯನ್ನೆಲ್ಲ ಗಂಭೀರವಾಗಿ ಕೇಳಿದ ಮಾಬೂಬಿ ತೀರ್ಪು ಕೊಟ್ಟರು: “ಕತ್ತಲಾ ಬೇಕಂದ್ರ ತಲಿಗಷ್ಟ ಮಾಡ್ಕೋರಿ ಸರ. ಮನಿಗ್ಯಾಕ?”

ರಾಜೇಸಾಬರದು ಗಾದಿ ಅಂಗಡಿ; ಗಾದಿ ಎಂದರೆ ನಮ್ಮ ಕಡೆಯ ಹತ್ತಿಯ ಹಾಸಿಗೆ. ಗಾದಿಗೆ ಹಾಕುವ ದಪ್ಪ ಬಟ್ಟೆಯಲ್ಲಿ ಕಪ್ಪನೆಯದನ್ನು ಆರಿಸಿ, ಕಂಪ್ಯೂಟರನ್ನೂ ನನ್ನ ತಲೆಯನ್ನೂ ಒಟ್ಟಿಗೆ ಮುಚ್ಚುವಂಥ ಮುಸುಕೊಂದನ್ನು ಹೊಲಿದು ತಂದರು. ಅಂದಿನಿಂದ ಬಾಗಿಲು ತೆರೆದೇ ಇರುತ್ತಿತ್ತು. ನಾನು ಮುಸುಕಿನೊಳಗೆ ಬೆವರುತ್ತ ಬ್ರಹ್ಮಾಂಡವನ್ನು ಪರೀಕ್ಷಿಸುತ್ತಿದ್ದರೆ, ಬಂದವರು ಪಡಸಾಲೆಯಲ್ಲಿ ಕುಳಿತು ನನ್ನ ಬೆನ್ನಿನೊಂದಿಗೆ ಮಾತಾಡುತ್ತಿದ್ದರು. ಶೇಂಗಾದ ರೇಟು, ಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸುತ್ತಿದ್ದ ಗಾಳಿಯಂತ್ರಗಳು, ನನಗೇಕೆ ಮದುವೆಯಾಗಿಲ್ಲ ಎಂಬ ವಿಚಾರ, ಎಲ್ಲಕ್ಕೂ ಬೆನ್ನು ಹೂಂಗುಟ್ಟುತ್ತಿತ್ತು. ಇಷ್ಟು ಜನರ ನಡುವೆ ಸಂಶೋಧನೆ ಮಾಡಿದವರು ವಿರಳವೆಂದು ತೋರುತ್ತದೆ.

ಊಟದ ವಿಷಯದಲ್ಲಿ ಎರಡೂ ಕಡೆ ಸ್ವಲ್ಪ ಸ್ವಲ್ಪ ಸೋಲಬೇಕಾಯಿತು. ಜೋಳದ ರೊಟ್ಟಿ ಮೊದಲ ತಿಂಗಳು ನನ್ನ ದವಡೆಯನ್ನು ಸೋಲಿಸಿತು, ಆಮೇಲೆ ಅನ್ನವನ್ನೇ ಸೋಲಿಸಿತು. ಮೈಸೂರಿನಿಂದ ಅಕ್ಕ ಕಳಿಸಿದ ಕಾಫಿಪುಡಿಯನ್ನು ಮಾಬೂಬಿ ಹಾಲು, ಸಕ್ಕರೆಯ ಜೊತೆ ಚಹಾದಂತೆ ಕುದಿಸಿಕೊಟ್ಟಾಗ ಕಣ್ಣಲ್ಲಿ ನೀರು ಬಂತು. ಕುಡಿದೆ. ಈಗ ಊರಿಗೆ ಹೋದಾಗ ಫಿಲ್ಟರ್ ಕಾಫಿಯಲ್ಲಿ ಏನೋ ಕಡಿಮೆಯಾದಂತೆ ಅನಿಸುತ್ತದೆ. ಇದನ್ನು ಅಕ್ಕನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಒಂದು ಮಧ್ಯಾಹ್ನ ಮುಸುಕಿನೊಳಗೆ ನನಗೊಂದು ಗೆರೆ ಕಂಡಿತು. ಒಂದು ಗೆಲಾಕ್ಸಿಯ ಉಜ್ವಲ ಚುಕ್ಕೆಯಿಂದ ನೆಟ್ಟಗೆ ಹೊರಟ ತೆಳುವಾದ ಬೆಳಕಿನ ಎಳೆ. ಕಪ್ಪುಕುಳಿಗಳ ಬಳಿಯಿಂದ ಕಾರಂಜಿಯಂತೆ ಚಿಮ್ಮುವ ದ್ರವ್ಯಧಾರೆಗಳುಂಟು; ಈ ಗೆಲಾಕ್ಸಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮುಸುಕು ಎಸೆದು ಎದ್ದವನೇ ಎದುರಿಗಿದ್ದ ರಾಜೇಸಾಬರಿಗೆ ಹೇಳಿಬಿಟ್ಟೆ. ಸಂಜೆಯ ಹೊತ್ತಿಗೆ ಗಾದಿ ಕೊಳ್ಳಲು ಅಸೂಟಿ, ಬೆಳವಣಕಿಯಂಥ ಸುತ್ತಲಿನ ಹಳ್ಳಿಗಳಿಂದ ಬಂದವರಿಗೆ, ನಮ್ಮ ಬಾಡಿಗೆಯ ಸರ್ ಆಕಾಶದಾಗ ಕಾರಂಜಿ ಹುಡುಕಿದಾರೆಂಬ ವಾರ್ತೆ ತಲುಪಿತ್ತು. ನಾನು ಮನಸ್ಸಿನಲ್ಲೇ ಮೈಸೂರಿಗೆ ಸಾಮಾನು ಕಟ್ಟತೊಡಗಿದ್ದೆ.

ಗೈಡು ಮಾತ್ರ ಕುಣಿಯಲಿಲ್ಲ. ದೂರದರ್ಶಕದೊಳಗೆ ಚಿಕ್ಕ ಕನ್ನಡಿಯನ್ನು ಹಿಡಿದಿಡುವ ಪಟ್ಟಿಗಳಿವೆ, ಉಜ್ವಲವಾದ ಚುಕ್ಕೆಯ ಬೆಳಕು ಅವಕ್ಕೆ ತಾಗಿದರೆ ಹೀಗೇ ಗೆರೆ ಚಾಚುತ್ತದೆ, ಎಂದು ನೆನಪಿಸಿದರು. ದೂರದರ್ಶಕವನ್ನು ಬೇರೆ ಕೋನಕ್ಕೆ ತಿರುಗಿಸಿ ತೆಗೆದ ಇನ್ನೊಂದು ಚಿತ್ರ ಕಳಿಸಿದರು. ಗೆರೆ ಗೆಲಾಕ್ಸಿಯದಾಗಿದ್ದರೆ ಗೆಲಾಕ್ಸಿಯ ಜೊತೆ ಇದ್ದಲ್ಲೇ ಇರಬೇಕು. ದೂರದರ್ಶಕದ್ದಾಗಿದ್ದರೆ ದೂರದರ್ಶಕದ ಜೊತೆ ತಿರುಗಬೇಕು.

ತಿರುಗಿತ್ತು. ಅಂಥ ಗೆರೆಗಳು ನಾಲ್ಕು ಬರುತ್ತವೆಂದು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಮೂರು ಮಸುಕು ಕಲೆಗಳ ನಡುವೆ ಕಳೆದುಹೋಗಿದ್ದವು, ನಾಲ್ಕನೆಯದು ನನ್ನನ್ನು ಹುಡುಕಿಕೊಂಡು ಬಂದಿತ್ತು.

ಮುಸುಕಿನೊಳಗೇ ಕುಳಿತಿದ್ದೆ. ಎಷ್ಟೋ ಹೊತ್ತು ಬೆನ್ನು ಹೂಂಗುಟ್ಟದಿರುವುದನ್ನು ಗಮನಿಸಿ ಮಾಬೂಬಿ ಬಟ್ಟೆಯ ಅಂಚು ಎತ್ತಿ ನೋಡಿದರು. ಗಂಡನನ್ನು ಕರೆದರು.

“ಆ ಗೆರೆ ಸುಳ್ಳಾಯಿತು ರಾಜೇಸಾಬರೆ,” ಎಂದೆ.

“ಯಾರ ಸುಳ್ಳ ಹೇಳಿದ್ರು?”

“ದೂರದರ್ಶಕ.”

“ಹಂಗಾರ ನಿಮ್ದೇನ ತಪ್ಪಿಲ್ಲ ಬಿಡ್ರಿ. ಏಳ್ರಿ, ಉಣ್ಣಾಕ ಏಳ್ರಿ.”

ಅಂದು ಅವರ ಮನೆಯಲ್ಲಿ ಉಂಡೆ. ಮಾಂಸ ತಿನ್ನದ ನನಗೆಂದೇ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಮಾಡಿದ್ದರು. ಕಾರಂಜಿ ಎಲ್ಲಿಗೆ ಬಂತೆಂದು ಗಿರಾಕಿಗಳು ಕೇಳಿದರೆ, ಅದು ರಿಪೇರಿಗೆ ಹೋಗೈತಿ ಎಂದು ರಾಜೇಸಾಬರು ಮುಖ ಬಿಗಿದುಕೊಂಡೇ ಉತ್ತರಿಸುತ್ತಿದ್ದರು. ನನ್ನ ಮಾನವನ್ನು ಇಷ್ಟು ಚೊಕ್ಕವಾಗಿ ಯಾವ ವಿದ್ವಾಂಸನೂ ಕಾಪಾಡುತ್ತಿರಲಿಲ್ಲ.

ರಿಪೇರಿ ನಿಜಕ್ಕೂ ನಡೆಯಿತು. ಎರಡೂ ಚಿತ್ರಗಳನ್ನು ಇಟ್ಟುಕೊಂಡು, ಒಂದರಲ್ಲಿ ಗೆರೆ ಮುಚ್ಚಿದ ಜಾಗವನ್ನು ಇನ್ನೊಂದರಿಂದ ತುಂಬಿದೆ. ಗೆರೆಗಳೆಲ್ಲ ಹೋದ ಮೇಲೆ ಧೂಳಿನ ಸಣ್ಣ ಕಪ್ಪು ಸುರುಳಿಯೊಂದು ಕಂಡಿತು, ಹೊರಗಿನಿಂದ ಬಳಸುತ್ತ ಬಳಸುತ್ತ ನಡುವಿಗೆ ಹೋಗುವಂಥದ್ದು. ಕಪ್ಪುಕುಳಿಗೆ ಊಟ ಒದಗುವ ದಾರಿಗಳಲ್ಲಿ ಇದೂ ಒಂದಿರಬಹುದು ಎಂದಷ್ಟೇ ವಿನಯದಿಂದ ಬರೆದೆ. ಹೊರಗೆ ಹೋಗುವ ಗೆರೆಯನ್ನು ಹುಡುಕುತ್ತಿದ್ದವನಿಗೆ ಒಳಗೆ ಬರುವ ದಾರಿ ಸಿಕ್ಕಿತ್ತು. ಗೈಡು ಒಪ್ಪಿದರು. ಅವಧಿ ಮುಗಿಯುವ ಮೊದಲೇ ಪ್ರಬಂಧ ಸಲ್ಲಿಕೆಯಾಗಿ, ಕಾಲಕ್ರಮದಲ್ಲಿ ನಾನು ಡಾಕ್ಟರನೂ ಆದೆ. ಓಣಿಯ ಕೆಲವರು ನೆಗಡಿಗೆ ಔಷಧ ಕೇಳಿದ್ದೂ ಉಂಟು.

ಈಗ ಮೈಸೂರಿನ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಅದು ಸಿಗಲೆಂದು ಅಕ್ಕ ಬೆಟ್ಟದ ಮೆಟ್ಟಿಲು ಹತ್ತಿ ಚಾಮುಂಡಿಗೆ ಹರಕೆ ಹೊತ್ತಿದ್ದಾಳೆ. ಮೊನ್ನೆ ಮಾಬೂಬಿ ದರ್ಗಾದಲ್ಲಿ ಸಕ್ಕರೆ ಓದಿಸಿ, ಅಂದರೆ ಪ್ರಾರ್ಥನೆ ಮಾಡಿಸಿ, ತಂದು ನನ್ನ ಅಂಗೈಗೆ ಹಾಕಿದರು. ನನಗೆ ಕೆಲಸ ಸಿಗಲೆಂದೇ ಎಂದು ಕೇಳಿದೆ. ಸಿಗಬಾರದೆಂದು, ಎಂದರು.

“ನನಗೆ ಊರಿಗೆ ಹೋಗುವ ಆಸೆ ಇರುವುದಿಲ್ಲವೇ ಮಾಬೂಬಿ ಅಕ್ಕಾ?”

“ಇರತೈತ್ರಿ. ಅದಕ್ಕ ಓದ್ಸೀನಿ.”

ಅಕ್ಕ ಕಳಿಸಿದ ಕುಂಕುಮ ಹಣೆಯ ಮೇಲಿತ್ತು. ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆ. ಸಂದರ್ಶನದ ಕರೆ ಇನ್ನೂ ಬಂದಿಲ್ಲ. ಅಂಚೆಯವನು ನಮ್ಮ ಮನೆ ದಾಟಿ ಹೋದಾಗಲೆಲ್ಲ ನಾನೊಂದು ನಿಟ್ಟುಸಿರು ಬಿಡುತ್ತೇನೆ. ಅದು ನಿರಾಸೆಯದೋ ನೆಮ್ಮದಿಯದೋ, ಇಷ್ಟು ಓದಿದ ಮೇಲೂ ನನಗೆ ತಿಳಿದಿಲ್ಲ.